ತಾಳ್ಮೆ ಸಾಲದ ಮನೆಗಳಿಗೆ: ಕೃಪೆಯನ್ನು ದಿನದಿನಕ್ಕೆ ಪಡೆಯುವ ಕ್ರಮ

"ತಾಳಿದವನು ಬಾಳಿಯಾನು" ಎಂಬ ಗಾದೆಯನ್ನು ನಮ್ಮ ಕಡೆ ಯಾರಿಗೆ ಹೇಳುತ್ತಾರೆ ಎಂದು ಸ್ವಲ್ಪ ಗಮನಿಸಿ. ಹೊಸದಾಗಿ ಮದುವೆಯಾಗಿ ಬಂದ ಸೊಸೆಗೆ ಹೇಳುತ್ತಾರೆ. ಕೂಲಿ ಸಾಲದೆಂದು ಗೊಣಗಿದ ಆಳಿಗೆ ಹೇಳುತ್ತಾರೆ. ಆಸ್ತಿ ಪಾಲಿನಲ್ಲಿ ಮೋಸಹೋದ ತಮ್ಮನಿಗೆ ಹೇಳುತ್ತಾರೆ. ಮನೆಯ ಯಜಮಾನನನ್ನು ಕೂರಿಸಿಕೊಂಡು ಯಾರೂ ಈ ಗಾದೆ ಹೇಳುವುದಿಲ್ಲ. ಕ್ರೈಸ್ತ ಮನೆಗಳಲ್ಲಿ ಇದರ ಜತೆಗೆ ಇನ್ನೊಂದು ಮಾತೂ ಸೇರಿಕೊಳ್ಳುತ್ತದೆ: "ಅದು ನಿನ್ನ ಶಿಲುಬೆ, ಹೊತ್ತುಕೊಂಡು ಹೋಗು." ಹೇಳಿದವರಿಗೆ ಭಾರವಿಲ್ಲ, ಕೇಳಿಸಿಕೊಂಡವರು ಹಲ್ಲು ಕಚ್ಚಿ ಸುಮ್ಮನಾಗುತ್ತಾರೆ. ಆ ಸುಮ್ಮನಿರುವಿಕೆಗೆ ತಾಳ್ಮೆ ಎಂಬ ಹೆಸರು ಬೀಳುತ್ತದೆ. ಆರು ತಿಂಗಳಿಗೋ ಆರು ವರ್ಷಕ್ಕೋ ಅದು ಒಡೆದು ಮನೆಯೆಲ್ಲ ಚೆಲ್ಲಾಡಿದಾಗ ಎಲ್ಲರಿಗೂ ಆಶ್ಚರ್ಯ.

ಪೌಲನು ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ತಾಳ್ಮೆಯನ್ನು ಪವಿತ್ರಾತ್ಮನ ಫಲಗಳ ಸಾಲಿನಲ್ಲಿ ಸೇರಿಸಿದ್ದಾನೆ. ಪ್ರೀತಿ, ಸಂತೋಷ, ಸಮಾಧಾನ ಆದ ಮೇಲೆ ಅದರ ಸರದಿ. ಅಂದರೆ ನಾವು ಹಟ ಹಿಡಿದು ಸಾಧಿಸುವುದಕ್ಕಿಂತ ಮೊದಲೇ ದೇವರ ಕೃಪೆ ಒಳಗೆ ಕೆಲಸ ಮಾಡಿರಬೇಕು. ಕೃಪೆ ಮೊದಲು, ತಾಳ್ಮೆ ಆಮೇಲೆ. ಹಾಗಿದ್ದರೆ ನಾವು ಮಾಡಬೇಕಾದದ್ದೇನು? ಆ ಕೃಪೆಯನ್ನು ಪಡೆದುಕೊಳ್ಳಲು ದಿನದಲ್ಲಿ ಜಾಗ ಮಾಡಿಕೊಡುವುದು, ಅಷ್ಟೇ. ಅದೇನೂ ಸಣ್ಣ ಕೆಲಸವಲ್ಲ. ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ತಲಪಾಡಿಯಿಂದ ಚಂದ್ರಗಿರಿ ಹೊಳೆಯವರೆಗಿನ ನಮ್ಮ ಊರುಗಳ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕ್ರಮವನ್ನು ಬರೆದಿದ್ದೇನೆ. ಬೇಳದ ಶೋಕಮಾತೆಯ ಇಗರ್ಜಿಗೆ ಹೋಗುವವರಿಗೂ ಪ್ರಾಟೆಸ್ಟಂಟ್ ಸಭೆಯವರಿಗೂ ಇದರಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ.

ಮೊದಲ ಹೆಜ್ಜೆ: ಎಡವುವ ಜಾಗವನ್ನು ಗುರುತಿಸಿ

ಒಂದು ವಾರ ಏನನ್ನೂ ಬದಲಿಸಬೇಡಿ, ಬರೆದಿಡಿ ಮಾತ್ರ. ಸಿಟ್ಟು ಬಂದ ಹೊತ್ತು, ಜಾಗ, ಎದುರಿಗಿದ್ದವರು, ಆಗ ನಿಮಗೆ ಹಸಿವಾಗಿತ್ತೇ, ಹಿಂದಿನ ರಾತ್ರಿ ನಿದ್ದೆಯಾಗಿತ್ತೇ. ಕಾರಣ ಬರೆಯಬೇಡಿ. ಕಾರಣ ಬರೆಯಲು ಹೊರಟರೆ ಅದು ಎದುರಿನವರ ಮೇಲಿನ ದೂರು ಅರ್ಜಿಯಾಗುತ್ತದೆ.

ವಾರ ಕಳೆದಾಗ ಪಟ್ಟಿ ತಾನಾಗಿಯೇ ಮಾತನಾಡುತ್ತದೆ. ಹೆಚ್ಚಿನವರಿಗೆ ಇಡೀ ದಿನ ತಾಳ್ಮೆ ತಪ್ಪುವುದಿಲ್ಲ. ಎರಡು ಮೂರು ಜಾಗಗಳಲ್ಲಿ ತಪ್ಪುತ್ತದೆ. ಮಕ್ಕಳನ್ನು ಶಾಲಾ ಬಸ್ಸಿಗೆ ಹತ್ತಿಸುವ ಮುಂಚಿನ ಇಪ್ಪತ್ತು ನಿಮಿಷ. ಹೆದ್ದಾರಿ ಅಗಲ ಮಾಡುವ ಕೆಲಸದ ಧೂಳಿನಲ್ಲಿ ನಿಂತು ಬಸ್ಸು ಕಾಯುವ ಹೊತ್ತು. ದೇರಳಕಟ್ಟೆಯಲ್ಲೋ ಮಂಗಳೂರಿನಲ್ಲೋ ಆಸ್ಪತ್ರೆಯ ಟೋಕನ್ ಹಿಡಿದು ಕುಳಿತ ಮಧ್ಯಾಹ್ನ. ಗಲ್ಫಿನಿಂದ ಗಂಡನ ಕರೆ ಬರುವ ಸಮಯಕ್ಕೆ ಸರಿಯಾಗಿ ನೆಟ್‌ವರ್ಕ್ ಹೋಗುವ ರಾತ್ರಿ. ಇನ್ನು ಭಾನುವಾರ ಬಲಿಪೂಜೆಗೆ ಹೊರಡುವ ಮುಂಚಿನ ಅರ್ಧ ಗಂಟೆಯಲ್ಲಿ ನಮ್ಮ ಮನೆಗಳಲ್ಲಿ ನಡೆಯುವ ಜಗಳದ ಬಗ್ಗೆ ಯಾವ ಗುರುಗಳೂ ಪ್ರಸಂಗ ಮಾಡಿದ್ದನ್ನು ನಾನು ಕೇಳಿಲ್ಲ. ಮಾಡಿದರೆ ಎಲ್ಲರೂ ತಲೆ ತಗ್ಗಿಸಬೇಕಾದೀತು.

ಪಟ್ಟಿಯಲ್ಲಿ ಕೆಲವನ್ನು ದೇವರವರೆಗೆ ಒಯ್ಯಬೇಕಾಗಿಯೇ ಇಲ್ಲ. ಭಾನುವಾರದ ಜಗಳಕ್ಕೆ ಶನಿವಾರ ರಾತ್ರಿಯೇ ಅಂಗಿಗಳಿಗೆ ಇಸ್ತ್ರಿ ಹಾಕಿಟ್ಟರೆ ಅರ್ಧ ಮದ್ದು. ಉಳಿದದ್ದಕ್ಕೆ ಮುಂದಿನ ಹೆಜ್ಜೆಗಳು.

ಎರಡನೆಯದು: ಅಂದಿನ ಪಾಲನ್ನು ಅಂದೇ ಪಡೆಯಿರಿ

ವಿಮೋಚನಕಾಂಡದ 16ನೇ ಅಧ್ಯಾಯದಲ್ಲಿ ಮರುಭೂಮಿಯಲ್ಲಿ ಬಿದ್ದ ಮನ್ನ ಎಂಬ ಆಹಾರದ ವೃತ್ತಾಂತವಿದೆ. ಪ್ರತಿಯೊಬ್ಬರೂ ಅಂದಿಗೆ ಬೇಕಾದಷ್ಟೇ ಕೂಡಿಸಬೇಕು. ನಾಳೆಗಿರಲಿ ಎಂದು ಕೆಲವರು ಎತ್ತಿಟ್ಟದ್ದು ಬೆಳಗಾಗುವಷ್ಟರಲ್ಲಿ ಹುಳ ಬಿದ್ದು ನಾತ ಹೊಡೆಯಿತು. ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ಪಾಲು. ಯೇಸು ಕಲಿಸಿದ ಪ್ರಾರ್ಥನೆಯಲ್ಲೂ ಅನುದಿನದ ಆಹಾರವನ್ನು ಇಂದು ಕೊಡು ಎಂದಷ್ಟೇ ಇದೆ. ನಮಗೋ, ಮಗಳ ಮದುವೆಯವರೆಗಿನ ತಾಳ್ಮೆ ಇಂದೇ ಬೇಕು. ಅದು ಸಿಗುವುದಿಲ್ಲ. ಇಂದು ಸಂಜೆಯವರೆಗಿನದ್ದು ಸಿಗುತ್ತದೆ.

ಹಾಗಾಗಿ ಬೆಳಗ್ಗೆ ಎದ್ದ ಮೇಲೆ ಮೊಬೈಲ್ ಮುಟ್ಟುವುದಕ್ಕೆ ಮೊದಲು ಹತ್ತು ನಿಮಿಷ ತೆಗೆದಿಡಿ. ಹತ್ತು ಕಷ್ಟವಾದರೆ ಐದು. ಹಾಲಿಗೆ ಒಲೆ ಹಚ್ಚಿ ಅಲ್ಲೇ ನಿಂತರೂ ಆದೀತು. ಹದಿನೇಳನೇ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ದುಡಿದ ಬ್ರದರ್ ಲಾರೆನ್ಸ್ ಎಂಬವರು ಪಾತ್ರೆಗಳ ಸದ್ದಿನ ನಡುವೆಯೂ ಪ್ರಾರ್ಥನೆಯ ವೇಳೆಯಲ್ಲಿ ಇದ್ದಂತೆಯೇ ದೇವರ ಸನ್ನಿಧಿಯಲ್ಲಿರಬಹುದು ಎಂದು ಕಂಡುಕೊಂಡವರು. ಒಂದು ಕೀರ್ತನೆ ಓದಿ. ದಿನಕ್ಕೆ ಒಂದರಂತೆ ಓದಿದರೆ 150 ಕೀರ್ತನೆಗಳು ಐದು ತಿಂಗಳಿಗೆ ಬರುತ್ತವೆ. ಅದು ಮುಗಿದರೆ ಮತ್ತೆ ಮೊದಲಿಂದ. ಆಮೇಲೆ ನಿಮ್ಮ ಪಟ್ಟಿಯಲ್ಲಿರುವ ಆ ಎರಡು ಜಾಗಗಳನ್ನು ಹೆಸರಿಟ್ಟು ಹೇಳಿ: "ಕರ್ತನೇ, ಏಳೂವರೆಗೆ ಮಗ ಶೂ ಹುಡುಕುತ್ತಾನೆ. ಆಗ ನನ್ನ ಬಾಯಿ ನಿನ್ನ ಕೈಯಲ್ಲಿರಲಿ." ಲೋಕಶಾಂತಿಗಾಗಿ ಪ್ರಾರ್ಥಿಸುವುದು ಸುಲಭ, ಶೂ ವಿಷಯ ದೇವರಿಗೆ ಹೇಳಲು ನಾಚಿಕೆ. ಆ ನಾಚಿಕೆ ಬಿಡಿ.

ಯಾವ ಭಾಷೆಯಲ್ಲಿ ಪ್ರಾರ್ಥಿಸಬೇಕೆಂಬುದೂ ನಮ್ಮ ಗಡಿನಾಡಿನಲ್ಲಿ ಒಂದು ಪ್ರಶ್ನೆಯೇ. ಮನೆಯಲ್ಲಿ ಕೊಂಕಣಿಯೋ ತುಳುವೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ನನ್ನ ಸಲಹೆ ಇಷ್ಟು: ನೀವು ಯಾವ ಭಾಷೆಯಲ್ಲಿ ಬಯ್ಯುತ್ತೀರೋ ಅದೇ ಭಾಷೆಯಲ್ಲಿ ಪ್ರಾರ್ಥಿಸಿ. ಸಿಟ್ಟು ಇರುವ ಕೋಣೆಗೇ ಕೃಪೆಯೂ ಬರಬೇಕಲ್ಲ.

ದೇವರ ಕರುಣೆ ದಿನದಿನವೂ ಬೆಳಗ್ಗೆ ಹೊಸದಾಗುತ್ತದೆ ಎಂಬ ಮಾತು ಕ್ಯಾಲೆಂಡರುಗಳಲ್ಲಿ ಸೂರ್ಯೋದಯದ ಚಿತ್ರದ ಕೆಳಗೆ ಅಚ್ಚಾಗುತ್ತದೆ. ಅದು ಇರುವುದು ಪ್ರಲಾಪಗಳು ಗ್ರಂಥದ 3ನೇ ಅಧ್ಯಾಯದಲ್ಲಿ, ಬಾಬಿಲೋನಿನವರು ಜೆರುಸಲೇಮನ್ನು ಸುಟ್ಟು ಹಾಳುಗೆಡವಿದ ಮೇಲೆ ಅತ್ತವರ ಬಾಯಲ್ಲಿ. ಎಲ್ಲ ಸರಿಯಿದ್ದ ಮನೆಯಲ್ಲಿ ಹುಟ್ಟಿದ ಮಾತಲ್ಲ ಅದು. ಬೆಳಗ್ಗೆ ಏಳುವಾಗಲೇ ಮನಸ್ಸು ಭಾರವಾಗಿದ್ದರೆ ಅಂದು ಆ ಅಧ್ಯಾಯವನ್ನು ಪೂರ್ತಿ ಓದಿ, ಕರುಣೆಯ ಮಾತು ಬರುವ ಮುಂಚಿನ ಕಹಿಯನ್ನೂ ಬಿಡದೆ.

ಮೂರನೆಯದು: ಮಾತು ಹೊರಡುವ ಮುನ್ನ

ಕಿವಿ ಚುರುಕಾಗಿರಲಿ, ಮಾತೂ ಕೋಪವೂ ನಿಧಾನವಾಗಿರಲಿ ಎಂದು ಯಾಕೋಬನು ತನ್ನ ಪತ್ರದ ಮೊದಲ ಅಧ್ಯಾಯದಲ್ಲಿ ಬರೆದ. ಸರಿ, ನಿಧಾನ ಮಾಡುವುದು ಹೇಗೆ? ಮನಸ್ಸಿಗೆ ಹೇಳಿ ಪ್ರಯೋಜನವಿಲ್ಲ, ದೇಹಕ್ಕೆ ಹೇಳಿ. ಕೈಯಲ್ಲಿರುವುದನ್ನು ಕೆಳಗಿಡಿ. ನಿಂತಿದ್ದರೆ ಕುಳಿತುಕೊಳ್ಳಿ. ಒಂದು ಲೋಟ ನೀರು ಕುಡಿಯಿರಿ. ಬಾಯಲ್ಲಿ ನೀರಿರುವಾಗ ಬಯ್ಯಲು ಬರುವುದಿಲ್ಲ. ಆ ಹೊತ್ತಿನಲ್ಲಿ ಉಸಿರಿನ ಜತೆ ಒಂದು ಚಿಕ್ಕ ಪ್ರಾರ್ಥನೆ. ಲೂಕನ 18ನೇ ಅಧ್ಯಾಯದ ಸುಂಕದವನು ಎದೆ ಬಡಿದುಕೊಂಡು ಹೇಳಿದ್ದೇ ಸಾಕು, ದೇವರೇ, ಪಾಪಿಯಾದ ನನ್ನನ್ನು ಕರುಣಿಸು. ಎದುರಿನವರನ್ನು ತಿದ್ದು ಎಂದು ಆ ಕ್ಷಣದಲ್ಲಿ ಪ್ರಾರ್ಥಿಸಬೇಡಿ. ಅದು ಪ್ರಾರ್ಥನೆಯ ವೇಷ ಹಾಕಿದ ಬೈಗುಳ.

ಇಗರ್ಜಿಯ ಗಂಟೆ ಕೇಳಿಸುವಷ್ಟು ಹತ್ತಿರ ಮನೆಯಿದ್ದರೆ ಬೆಳಗ್ಗೆ, ಮಧ್ಯಾಹ್ನ, ಸಂಜೆಯ ಮೂರು ಗಂಟೆಗಳನ್ನು ಇದಕ್ಕೆ ಬಳಸಿಕೊಳ್ಳಿ. ಗಂಟೆ ಕೇಳಿದಾಗ ಕೆಲಸ ನಿಲ್ಲಿಸುವ ರೂಢಿ ಹಳೆಯ ತಲೆಮಾರಿನಲ್ಲಿತ್ತು. ಗದ್ದೆಯಲ್ಲಿ ನಿಂತಲ್ಲೇ ತಲೆಯ ಮೇಲಿನ ಮುಟ್ಟಾಳೆ (ಅಡಿಕೆ ಹಾಳೆಯ ಟೋಪಿ) ತೆಗೆಯುತ್ತಿದ್ದರು. ಸಿಟ್ಟಿಲ್ಲದ ಹೊತ್ತಿನಲ್ಲಿ ನಿಲ್ಲಿಸಲು ಕಲಿತ ದೇಹ ಸಿಟ್ಟಿನ ಹೊತ್ತಿನಲ್ಲೂ ನಿಲ್ಲುತ್ತದೆ.

ಫ್ರಾನ್ಸಿನ ಲಿಸ್ಯೂ ಮಠದಲ್ಲಿದ್ದ ಸಂತ ತೆರೇಸಾ ಬದುಕಿದ್ದು 1873ರಿಂದ 1897ರವರೆಗೆ, ಬರೇ ಇಪ್ಪತ್ತನಾಲ್ಕು ವರ್ಷ. ಸಂಜೆಯ ಧ್ಯಾನದ ಹೊತ್ತಿನಲ್ಲಿ ಹಿಂದೆ ಕುಳಿತ ಒಬ್ಬ ಸೋದರಿ ಏನೋ ಕಿರಿಕಿರಿಯ ಸದ್ದು ಮಾಡುತ್ತಿದ್ದರಂತೆ. ತಿರುಗಿ ಗುರಾಯಿಸಬೇಕೆಂಬ ಆಸೆಯನ್ನು ತಡೆದುಕೊಳ್ಳುವಷ್ಟರಲ್ಲಿ ಬೆವರಿ ತೊಯ್ದುಹೋಗುತ್ತಿದ್ದೆ ಎಂದು ತೆರೇಸಾ ಬರೆದಿಟ್ಟಿದ್ದಾರೆ. ಕೊನೆಗೆ ಆ ಸದ್ದನ್ನೇ ಸಂಗೀತವೆಂದುಕೊಂಡು ಗಮನವಿಟ್ಟು ಕೇಳಿ ದೇವರಿಗೆ ಒಪ್ಪಿಸಿದರು. ನನಗೆ ಇದರಲ್ಲಿ ಇಷ್ಟವಾಗುವುದು ಸಂಗೀತಕ್ಕಿಂತ ಬೆವರು. ಸಂತರಿಗೂ ಬೆವರು ಬಂದಿತ್ತು ಎಂದಾದರೆ ನಮಗೆ ಸ್ವಲ್ಪ ಧೈರ್ಯ.

ನಾಲ್ಕನೆಯದು: ಹಾಸಿಗೆ ಹಿಡಿದವರಿರುವ ಮನೆಯಲ್ಲಿ

ಇದನ್ನು ಬೇರೆಯಾಗಿಯೇ ಬರೆಯಬೇಕು. ಗಂಡುಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿ, ಹೆಣ್ಣುಮಕ್ಕಳು ಗಂಡನ ಮನೆಯಲ್ಲಿ, ಮನೆಯಲ್ಲಿ ಒಬ್ಬ ಸೊಸೆ ಮತ್ತು ಎಂಬತ್ತು ದಾಟಿದ ಅತ್ತೆ. ಇಂಥ ಮನೆಗಳು ನಮ್ಮಲ್ಲಿ ಎಷ್ಟು ಬೇಕಾದರೂ ಇವೆ.

ಸಂಜೆ ಏಳು ಗಂಟೆ. ಅತ್ತೆಗೆ ಕುಚ್ಚಲಕ್ಕಿ ಗಂಜಿ ಹದವಾಗಿ ಆರಿಸಿ, ಚಮಚದ ತುದಿಗೆ ಒಂದಿಷ್ಟು ಮಾವಿನ ಉಪ್ಪಿನಕಾಯಿಯ ರಸ ತಾಗಿಸಿ ಸೊಸೆ ಬಾಯಿಗೆ ಕೊಡುತ್ತಿದ್ದಾರೆ.

"ಮಗ ಬಂದನಾ?"

"ಇಲ್ಲ ಅತ್ತೆ, ಅವರು ದುಬೈಯಲ್ಲಿದ್ದಾರಲ್ಲ."

ಎರಡು ಚಮಚ ಗಂಜಿ ಒಳಗೆ ಹೋಗುತ್ತದೆ. "ಮಗ ಬಂದನಾ? ಅವನಿಗೆ ಊಟ ಇಟ್ಟೆಯಾ?"

"ಆಗಲೇ ಹೇಳಿದೆನಲ್ಲ ಅತ್ತೆ!"

ಧ್ವನಿ ಏರಿತು. ಮುದುಕಿ ಬಾಯಿ ಮುಚ್ಚಿಬಿಟ್ಟರು. ಇನ್ನು ಗಂಜಿ ಇಳಿಯುವುದಿಲ್ಲ, ರಾತ್ರಿಯ ಮಾತ್ರೆಯೂ ಇಳಿಯುವುದಿಲ್ಲ.

ಇಲ್ಲಿ ಮೊದಲು ಮಾಡಬೇಕಾದದ್ದು ತಿದ್ದುವುದನ್ನು ಬಿಡುವುದು. ಮರೆವಿನ ಕಾಯಿಲೆಯಲ್ಲಿ ಉತ್ತರ ನಿಲ್ಲುವುದಿಲ್ಲ, ಆದರೆ ಧ್ವನಿಯ ಕಾವು ನಿಲ್ಲುತ್ತದೆ. ಏನು ಹೇಳಿದರು ಎಂಬುದು ಅವರಿಗೆ ಮರೆತೀತು. ಗದರಿದರು ಎಂಬುದು ಮುಖದಲ್ಲಿ ಉಳಿಯುತ್ತದೆ. "ಊಟ ಇಟ್ಟಿದ್ದೇನೆ ಅತ್ತೆ, ನೀವು ಕುಡಿಯಿರಿ" ಎಂದರೆ ಸುಳ್ಳು ಹೇಳಿದಂತೆ ಆಗದೇ ಎಂದು ಕೆಲವರಿಗೆ ಅಳುಕು. ಮಗನಿಗೆಂದು ಒಂದು ಮುಷ್ಟಿ ಅನ್ನ ನಿಜವಾಗಿಯೂ ತೆಗೆದಿಡಿ. ಅಳುಕೂ ಹೋಗುತ್ತದೆ, ಮರುದಿನ ಕೋಳಿಗೂ ಆಗುತ್ತದೆ.

ಎರಡನೆಯದಾಗಿ, ನೋಡಿಕೊಳ್ಳುವವರ ನಿದ್ದೆ. ಅರಸುಗಳ ಮೊದಲ ಗ್ರಂಥದ 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯನು ಸಾಕಾಗಿ, ಸಾಯುವುದೇ ಮೇಲು ಎಂದು ಮರುಭೂಮಿಯ ಗಿಡವೊಂದರ ಕೆಳಗೆ ಬಿದ್ದುಕೊಂಡ. ದೇವದೂತನು ಬಂದು ಉಪದೇಶ ಮಾಡಲಿಲ್ಲ. ಎಬ್ಬಿಸಿ ರೊಟ್ಟಿಯೂ ನೀರೂ ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೇವದೂತನು ಎರಡನೇ ಸಲ ಎಬ್ಬಿಸಿ ಮತ್ತೆ ತಿನ್ನಲು ಹೇಳಿದ. ದೇವರ ಮಾತು ಬಂದದ್ದು ಅದೆಲ್ಲ ಆದ ಮೇಲೆ. ಹಾಗಾಗಿ ಇಗರ್ಜಿಯ ವಾರ್ಡಿನ ಮುಖಂಡರಾದ ಗುರಿಕಾರರೋ ನೆರೆಯವರೋ "ಏನಾದರೂ ಸಹಾಯ ಬೇಕಾದರೆ ಹೇಳಿ" ಎಂದಾಗ "ಏನೂ ಬೇಡ, ದೇವರು ನಡೆಸುತ್ತಾನೆ" ಎನ್ನಬೇಡಿ. ದೇವರು ಅವರ ಮೂಲಕವೇ ನಡೆಸಲು ಹೊರಟಿರಬಹುದು. "ಬುಧವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅತ್ತೆಯ ಹತ್ತಿರ ಕುಳಿತುಕೊಳ್ಳುತ್ತೀರಾ, ನಾನು ಮಲಗಬೇಕು" ಎಂದು ದಿನ, ಹೊತ್ತು ಇಟ್ಟು ಕೇಳಿ. ಕೇರಳದಲ್ಲಿ ಪಂಚಾಯಿತಿಗಳ ಮೂಲಕ ಮನೆಗೇ ಬಂದು ನೋಡುವ ಪಾಲಿಯೇಟಿವ್ ನರ್ಸ್‌ಗಳ ವ್ಯವಸ್ಥೆ ಇದೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ ಹೆಸರು ಬರೆಸಿ. ಕೃಪೆ ಸರಕಾರಿ ಬ್ಯಾಗು ನೇತುಹಾಕಿಕೊಂಡು ಬರುವುದೂ ಉಂಟು.

ದೂರದಲ್ಲಿರುವ ಮಕ್ಕಳಿಗೂ ಒಂದು ಮಾತು. ವಿಡಿಯೋ ಕರೆಯಲ್ಲಿ "ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳಿ" ಎನ್ನುವುದನ್ನು ನಿಲ್ಲಿಸಿ. ನೋಡಿಕೊಳ್ಳುವವರು ಅದನ್ನೇ ಮಾಡುತ್ತಿದ್ದಾರೆ. "ನೀನು ಊಟ ಮಾಡಿದೆಯಾ?" ಎಂದು ಕೇಳಿ.

ಐದನೆಯದು: ಹಳೆಯ ಲೆಕ್ಕ

ದಿನನಿತ್ಯದ ಸಿಟ್ಟಿನ ಬಹುಪಾಲು ಇಂದಿನದ್ದಲ್ಲ. ಪಾಲಿನ ಸಮಯದಲ್ಲಿ ಅಣ್ಣನ ಕಡೆಗೆ ಹೋದ ಎರಡು ತೆಂಗಿನ ಮರ, ಬಾಣಂತನದಲ್ಲಿ ಯಾರೋ ಆಡಿದ ಮಾತು, ಮದುವೆಯ ಕಾಗದದಲ್ಲಿ ಬಿಟ್ಟುಹೋದ ಹೆಸರು. ಮತ್ತಾಯನ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮ್ಯದ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಿ. ಅರಸನು ಒಬ್ಬ ಸೇವಕನಿಗೆ ಮನ್ನಾ ಮಾಡಿದ್ದು ಹತ್ತು ಸಾವಿರ ತಲಾಂತು. ಒಂದು ತಲಾಂತೆಂದರೆ ಸುಮಾರು 6,000 ದಿನಾರಿ, ಒಂದು ದಿನಾರಿ ಕೂಲಿಯವನ ಒಂದು ದಿನದ ಸಂಬಳ. ಅಂದರೆ ಆರು ಕೋಟಿ ದಿನಗಳ ಕೂಲಿ. ಆ ಸೇವಕ ಹೊರಗೆ ಬಂದು ತನ್ನ ಜತೆಯವನ ಕತ್ತು ಹಿಸುಕಿದ್ದು ನೂರು ದಿನಾರಿಗಾಗಿ. ನೂರು ದಿನದ ಕೂಲಿ ಏನೂ ಅಲ್ಲ ಎಂದು ಯೇಸು ಹೇಳಲಿಲ್ಲ. ಮೂರು ತಿಂಗಳ ಸಂಬಳ ಯಾರಿಗೂ ಸಣ್ಣದಲ್ಲ, ಆ ಎರಡು ತೆಂಗಿನ ಮರಗಳೂ ಸಣ್ಣವಲ್ಲ. ನಷ್ಟ ನಿಜವೇ, ಆದರೆ ಮನ್ನಾ ಆದದ್ದನ್ನು ಪಕ್ಕಕ್ಕಿಟ್ಟು ನೋಡಿದರೆ ಕೈ ಕತ್ತಿನಿಂದ ಸಡಿಲವಾಗುತ್ತದೆ.

ಮಾಡುವ ಕ್ರಮ: ಮೊದಲು ದೇವರ ಮುಂದೆ ನಷ್ಟವನ್ನು ಮುಚ್ಚುಮರೆಯಿಲ್ಲದೆ ಹೇಳಿ. ಆಮೇಲೆ ಆ ವ್ಯಕ್ತಿಯ ಹೆಸರು ಹಿಡಿದು ಒಂದು ವಾರ ಪ್ರಾರ್ಥಿಸಿ, ಅವರ ಒಳ್ಳೆಯದಕ್ಕೆ. ಆಮೇಲೆ ಚಿಕ್ಕದೊಂದು ಕೆಲಸ. ಹಬ್ಬಕ್ಕೆ ಕುಸ್ವಾರಿನ (ಕ್ರಿಸ್ಮಸ್ ತಿಂಡಿಗಳ) ತಟ್ಟೆ ಕಳುಹಿಸುವುದೋ, ಜ್ವರವೆಂದು ಕೇಳಿ ಹೋಗಿಬರುವುದೋ. ವಾಟ್ಸ್ಆ್ಯಪ್‌ನಲ್ಲಿ ಉದ್ದದ ಕ್ಷಮಾಪಣೆ ಬೇಡವೇ ಬೇಡ. ಅದನ್ನು ಅವರು ಇನ್ನೂ ಹತ್ತು ಜನರಿಗೆ ಕಳುಹಿಸುತ್ತಾರೆ.

ಆರನೆಯದು: ಸುಮ್ಮನಿರಬಾರದ ಕಡೆ ಸುಮ್ಮನಿರಬೇಡಿ

ಹೊಡೆತ ತಿನ್ನುವುದು ತಾಳ್ಮೆಯಲ್ಲ. ಕುಡಿದು ಬಂದು ಕೈಮಾಡುವ ಗಂಡನನ್ನು ಕ್ಷಮಿಸುವುದು ಬೇರೆ, ಅವನ ಕೈಗೆ ಸಿಗುವ ದೂರದಲ್ಲಿ ಇರುವುದು ಬೇರೆ. ತವರಿಗೆ ಹೋಗಿ, ಗುರುಗಳಿಗೂ ಸಭಾಪಾಲಕರಿಗೂ ಹೇಳಿ, ಅವರು "ಹೊಂದಿಕೊಂಡು ಹೋಗಮ್ಮ" ಎಂದಷ್ಟೇ ಹೇಳಿದರೆ ಬೇರೆಯವರಿಗೆ ಹೇಳಿ. ಮಹಿಳೆಯರಿಗೆ 181 ಎಂಬ ಸಹಾಯವಾಣಿ ಇದೆ, ಹಗಲೂ ರಾತ್ರಿಯೂ.

ಸಾರ್ವಜನಿಕ ಅನ್ಯಾಯದ ವಿಷಯವೂ ಹಾಗೆಯೇ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಉದಾಹರಣೆ ಹುಡುಕಿ ದೂರ ಹೋಗಬೇಕಾಗಿಲ್ಲ. ಸರಕಾರಿ ಸ್ವಾಮ್ಯದ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ನೇ ಇಸವಿಯವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಎಣ್ಮಕಜೆ, ಪಡ್ರೆಯ ಕಡೆ ಒಂದೊಂದು ಮನೆಯಲ್ಲಿ ಎದ್ದು ಕೂರಲಾಗದ ಮಕ್ಕಳು. ಅಲ್ಲಿನ ತಾಯಂದಿರ ಸಹನೆಯನ್ನು ಹೊಗಳಿ ಭಾಷಣ ಮಾಡಿದವರು ಬಹಳ ಮಂದಿ. ಆದರೆ ಕೆಲಸ ಮುಂದೆ ಸಾಗಿದ್ದು ರೋಗಿಗಳ ಲಕ್ಷಣಗಳನ್ನು ಬರೆದಿಟ್ಟ ಡಾ. ವೈ.ಎಸ್. ಮೋಹನ್ ಕುಮಾರ್, ಪತ್ರಿಕೆಗಳಲ್ಲಿ ಬರೆದ ಶ್ರೀ ಪಡ್ರೆ, ಕೋರ್ಟಿಗೆ ಹೋದ ಲೀಲಾಕುಮಾರಿ ಅಮ್ಮ ಇಂಥವರಿಂದ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ನಿಲ್ಲಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದಿತು. ಅದು ತಲುಪದೆ 2022ರಲ್ಲಿ ಮತ್ತೆ ಕೋರ್ಟಿನ ಬಾಗಿಲು ಬಡಿಯಬೇಕಾಯಿತು. ಲೂಕನ 18ನೇ ಅಧ್ಯಾಯದಲ್ಲಿ ಅನ್ಯಾಯಗಾರ ನ್ಯಾಯಾಧಿಪತಿಯನ್ನು ಬಿಡದೆ ಬೆನ್ನುಹತ್ತಿದ ವಿಧವೆಯ ಸಾಮ್ಯವಿದೆ. ಯೇಸು ಅದನ್ನು ಹೇಳಿದ್ದು ಬೇಸರಪಡದೆ ಪ್ರಾರ್ಥಿಸಬೇಕೆಂದು ಕಲಿಸಲು. ಆ ವಿಧವೆಯದ್ದು ನಡೆದಾಡುವ ತಾಳ್ಮೆ, ಚಪ್ಪಲಿ ಸವೆಯುವ ತಾಳ್ಮೆ.

ಹಾಗಾಗಿ ಗ್ರಾಮ ಕಚೇರಿಯಲ್ಲಿ ಮಲಯಾಳದ ಫಾರ್ಮು ಕೈಗಿತ್ತು "ನಾಳೆ ಬನ್ನಿ" ಎಂದರೆ ಎರಡು ಕೆಲಸ ಮಾಡಿ. ಧ್ವನಿ ಏರಿಸಬೇಡಿ, ಜಾಗ ಬಿಟ್ಟು ಹೋಗಲೂ ಬೇಡಿ. 1969ರ ಕೇರಳದ ಅಧಿಕೃತ ಭಾಷಾ ಶಾಸನವು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ ಅವಕಾಶ ಕೊಟ್ಟಿದೆ. ಕನ್ನಡದಲ್ಲೇ ಅರ್ಜಿ ಬರೆದು ಕೊಡಿ, ರಶೀದಿ ಕೇಳಿ, ತಾರೀಕು ಗುರುತಿಸಿಕೊಳ್ಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಅದಕ್ಕೆ 30 ದಿನಗಳ ಗಡುವಿದೆ. ಕಾಯುವ ದಿನಗಳಲ್ಲಿ 13ನೇ ಕೀರ್ತನೆ ಓದಿ. ಮೊದಲ ಎರಡು ವಚನಗಳಲ್ಲೇ ದಾವೀದನು "ಎಲ್ಲಿಯವರೆಗೆ" ಎಂದು ದೇವರನ್ನು ನಾಲ್ಕು ಸಲ ಕೇಳುತ್ತಾನೆ. ದೇವರ ಮುಂದೆ ಅಸಹನೆ ತೋರಿಸಲು ಅನುಮತಿ ಇದೆ ಎಂದಾಯಿತು. ಮಾರ್ಕನ 9ನೇ ಅಧ್ಯಾಯದಲ್ಲಿ ಯೇಸುವೇ ನಿಮ್ಮನ್ನು ಎಷ್ಟು ಕಾಲ ಸಹಿಸಲಿ ಎಂದು ಕೇಳಿದ್ದನ್ನು ನಮ್ಮ ಪ್ರಸಂಗಗಳು ಬೇಗ ದಾಟಿಬಿಡುತ್ತವೆ.

ಏಳನೆಯದು: ವರ್ಷಗಟ್ಟಲೆ ಕಾಯುವಾಗ

ಮಕ್ಕಳಾಗದೆ, ಕೆಲಸ ಸಿಗದೆ, ಮಗನ ಕುಡಿತ ಬಿಡದೆ ಕಾಯುವವರಿಗೆ ಮೇಲಿನ ನೀರಿನ ಲೋಟದ ಉಪಾಯ ಸಾಲದು. ಅವರು ಲೂಕನ 13ನೇ ಅಧ್ಯಾಯದ ಅಂಜೂರದ ಮರದ ಹತ್ತಿರ ಹೋಗಬೇಕು. ಯಜಮಾನನು ಮೂರು ವರ್ಷ ಹಣ್ಣು ಹುಡುಕಿ ಕಾಣದೆ ಕಡಿಯಲು ಹೇಳಿದ. ತೋಟದವನು ಈ ಒಂದು ವರ್ಷ ಬಿಡಿ ಎಂದ. ಅಷ್ಟೇ ಹೇಳಿದ್ದರೆ ಸಾಧಾರಣ ಮಾತು. ಬುಡ ಅಗೆದು ಗೊಬ್ಬರ ಹಾಕುತ್ತೇನೆ ಎಂದೂ ಸೇರಿಸಿದ. ಅಡಿಕೆ ತೋಟವಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿಡ ನೆಟ್ಟರೆ ಫಸಲು ಕಾಣಲು ಸಾಮಾನ್ಯವಾಗಿ ಐದು ವರ್ಷವಾದರೂ ಬೇಕು, ಅವಸರ ಮಾಡಿ ಪ್ರಯೋಜನವಿಲ್ಲ. ಆದರೆ ಆ ಐದು ವರ್ಷ ಬುಡ ಬಿಡಿಸದೆ, ಸೊಪ್ಪು ಗೊಬ್ಬರ ಹಾಕದೆ, ಬೇಸಿಗೆಯಲ್ಲಿ ನೀರು ಬಿಡದೆ ಜಗಲಿಯಲ್ಲಿ ಕುಳಿತವನನ್ನು ತಾಳ್ಮೆಯವನು ಎಂದು ಯಾರೂ ಕರೆಯುವುದಿಲ್ಲ. ಫಸಲು ಬಂದ ಮೇಲೂ ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಮೈಲುತುತ್ತು ಸುಣ್ಣದ ಮದ್ದು ಬಿಡಲೇಬೇಕು.

ಕಾಯುವವರ ಗೊಬ್ಬರ ಯಾವುದು? ತಿಂಗಳಿಗೊಮ್ಮೆ ಆ ವಿಷಯಕ್ಕಾಗಿ ನಂಬಿಕೆಯ ಇನ್ನೊಬ್ಬರ ಜತೆ ಕುಳಿತು ಪ್ರಾರ್ಥಿಸುವುದು. ಡಾಕ್ಟರಲ್ಲಿಗೆ ಹೋಗಬೇಕಾದ್ದಿದ್ದರೆ ಹೋಗುವುದು. ಕುಡಿತದ ಚಟಕ್ಕೆ ಹರಕೆಯೊಂದೇ ಸಾಲದು, ಚಿಕಿತ್ಸೆಯೂ ಬೇಕು. ಒಂದು ನೋಟ್ ಪುಸ್ತಕದಲ್ಲಿ ಬೇಡಿದ್ದನ್ನೂ ದೊರೆತದ್ದನ್ನೂ ತಾರೀಕಿನೊಂದಿಗೆ ಬರೆಯುವುದು. ಬೇಡದೆ ದೊರೆತದ್ದಕ್ಕೆ ಇನ್ನೊಂದು ಪುಟ ಇಡಿ, ಅದು ಬೇಗ ತುಂಬುತ್ತದೆ.

ಅವಸರ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಅಬ್ರಹಾಮನ ಮನೆಯನ್ನು ನೋಡಬಹುದು. ಸಂತಾನದ ವಾಗ್ದಾನ ಕೇಳಿ ಹೊರಟಾಗ ಅವನಿಗೆ 75, ಇಸಾಕ ಹುಟ್ಟಿದಾಗ 100. ನಡುವೆ 86ರಲ್ಲಿ ದಾಸಿ ಹಾಗರಳಿಂದ ಇಷ್ಮಾಯೇಲ. ಅವಸರ ದೊಡ್ಡವರದ್ದು, ಮಗುವನ್ನು ಎತ್ತಿಕೊಂಡು ಮರುಭೂಮಿಗೆ ನಡೆದದ್ದು ದಾಸಿ. ನಮ್ಮ ಅಸಹನೆಯ ಬೆಲೆಯನ್ನು ಹೆಚ್ಚಾಗಿ ಮನೆಯಲ್ಲಿ ಬಲವಿಲ್ಲದವರೇ ತೆರುತ್ತಾರೆ. ಆದರೂ ದೇವರು ಹಾಗರಳನ್ನು ಹುಡುಕಿಕೊಂಡು ಹೋದ ಎಂಬುದನ್ನು ಆದಿಕಾಂಡ ಮರೆಯದೆ ಬರೆದಿದೆ.

ಹತ್ತಿರದ ಒಬ್ಬ ಸಂತರನ್ನೂ ಹೇಳಬೇಕು. ವರ್ಕಾಡಿಯ ಕಡೆಯವರು ಗಡಿ ದಾಟಿ ಮುಡಿಪುವಿಗೆ ಹೋಗುತ್ತಾರಲ್ಲ, ಅಲ್ಲಿ ನೆನೆಯುವ ಜೋಸೆಫ್ ವಾಜ್. 1651ರಲ್ಲಿ ಗೋವೆಯಲ್ಲಿ ಹುಟ್ಟಿ, ಕೆನರಾದಲ್ಲಿ ಸೇವೆ ಮಾಡಿ, 1687ರಲ್ಲಿ ವೇಷ ಮರೆಸಿಕೊಂಡು ಸಿಂಹಳಕ್ಕೆ ಹೋದವರು. ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರನೆಂದು ಹಿಡಿದು ಸೆರೆಗೆ ಹಾಕಿದರು. ಸೆರೆಯಲ್ಲಿ ಅವರು ಮಾಡಿದ್ದು ಸಿಂಹಳ ಭಾಷೆ ಕಲಿಯುವ ಕೆಲಸ. ಬಾಗಿಲು ತೆರೆದ ಮೇಲೆ ಬೇಕಾಗುವುದನ್ನು ಬಾಗಿಲು ಮುಚ್ಚಿದ್ದಾಗ ಕಲಿತರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಅವರಿಗೆ ಸಂತ ಪದವಿ ಘೋಷಣೆಯಾಯಿತು.

ಮಕ್ಕಳಿಗೆ ಕಾಯುವುದನ್ನು ಕಲಿಸಲು ಮೊಂತಿ ಹಬ್ಬಕ್ಕಿಂತ ಒಳ್ಳೆಯ ಪಾಠ ನಮ್ಮಲ್ಲಿಲ್ಲ. ಒಂಬತ್ತು ದಿನ ಹೂವು ಕೊಯ್ದು ಬುಟ್ಟಿಯಲ್ಲಿ ತಂದು ಬಾಲಮರಿಯಳಿಗೆ ಅರ್ಪಿಸಿ, ಸೆಪ್ಟೆಂಬರ್ 8ಕ್ಕೆ ಆಶೀರ್ವದಿಸಿದ ತೆನೆ ಮನೆಗೆ ಬಂದ ಮೇಲೆ ಹೊಸ ಅಕ್ಕಿ. ಹೂವನ್ನು ಪೇಟೆಯಲ್ಲಿ ಕೊಂಡು ಮಗುವಿನ ಕೈಗೆ ಕೊಟ್ಟುಬಿಡಬೇಡಿ. ಬೇಲಿ ಬೇಲಿ ಅಲೆದು ಕೊಯ್ಯಲಿ. ತಪಸ್ಸುಕಾಲದಲ್ಲಿ ದೊಡ್ಡವರಿಗೆ ಓದಲು ಮಂಜೇಶ್ವರದ ಗೋವಿಂದ ಪೈಯವರು ಯೇಸುವಿನ ಕಡೆಯ ದಿನದ ಮೇಲೆ ಬರೆದ "ಗೊಲ್ಗೊಥಾ" ಇದೆ. ಕ್ರೈಸ್ತರಲ್ಲದ ನಮ್ಮೂರಿನ ಕವಿ ಶಿಲುಬೆಯ ಬುಡದಲ್ಲಿ ಅಷ್ಟು ಹೊತ್ತು ನಿಂತಿರುವಾಗ, ಶುಭ ಶುಕ್ರವಾರದ ಮೂರು ಗಂಟೆ ನಮಗೆ ಉದ್ದವೆನಿಸಬಾರದು. ಭಾಷೆ ಹಳೆಯ ಬಿಗಿಯದ್ದು. ಒಬ್ಬರು ಗಟ್ಟಿಯಾಗಿ ಓದಿದರೆ ಹತ್ತಿರವಾಗುತ್ತದೆ.

ಕೊನೆಯದು: ರಾತ್ರಿ

ಇದು ಚಿಕ್ಕದು. ಸಂತ ಇಗ್ನೇಷಿಯಸ್ ಲೊಯೊಲಾ ಹದಿನಾರನೇ ಶತಮಾನದಲ್ಲಿ ಕಲಿಸಿದ ಆತ್ಮಪರಿಶೀಲನೆಯನ್ನು ಐದು ನಿಮಿಷಕ್ಕೆ ಇಳಿಸಿಕೊಳ್ಳಿ. ದಿನದಲ್ಲಿ ಕೃಪೆ ಕಂಡ ಒಂದು ಕಡೆಗೆ ಧನ್ಯವಾದ, ತಪ್ಪಿದ ಒಂದು ಕಡೆಗೆ ಕ್ಷಮೆ, ನಾಳೆಯ ಒಂದು ಜಾಗಕ್ಕೆ ಬೇಡಿಕೆ. ಧನ್ಯವಾದ ಮೊದಲು ಬರಬೇಕು. ತಪ್ಪಿನಿಂದ ಶುರುಮಾಡಿದರೆ ಐದು ನಿಮಿಷ ಅದಕ್ಕೇ ಹೋಗುತ್ತದೆ.

ಮಗುವಿಗೆ ಬಯ್ದಿದ್ದರೆ ಮಲಗುವ ಮುನ್ನ ಹೋಗಿ ಕ್ಷಮೆ ಕೇಳಿ. "ನೀನು ಹಾಗೆ ಮಾಡಿದ್ದಕ್ಕೇ ನಾನು ಬಯ್ದದ್ದು" ಎಂದು ಬಾಲ ಸೇರಿಸಬೇಡಿ. ಕ್ಯಾಥೊಲಿಕರು ದೊಡ್ಡ ಹಬ್ಬಗಳಿಗೆ ಕಾಯದೆ ತಿಂಗಳಿಗೊಮ್ಮೆಯಾದರೂ ಪಾಪನಿವೇದನೆಗೆ ಹೋಗುವ ರೂಢಿ ಮಾಡಿಕೊಂಡರೆ ಅದೇ ಅದೇ ತಪ್ಪು ಹೇಳುವ ಬೇಸರವಾದರೂ ಕೆಲಸ ಮಾಡುತ್ತದೆ. ಉಳಿದವರು ನಂಬಿಕೆಯ ಒಬ್ಬ ಹಿರಿಯರ ಹತ್ತಿರ ಹೇಳಿಕೊಳ್ಳಬಹುದು.

ಒಂದು ಎಚ್ಚರಿಕೆ. ಎರಡು ಮೂರು ವಾರಗಳಿಂದ ನಿದ್ದೆ ಬಾರದೆ, ಊಟ ಸೇರದೆ, ಸಣ್ಣದಕ್ಕೂ ಅಳುವೋ ಸಿಟ್ಟೋ ಉಕ್ಕುತ್ತಿದ್ದರೆ ಅದನ್ನು ಪ್ರಾರ್ಥನೆ ಕಡಿಮೆಯಾದದ್ದಕ್ಕೆ ಬಂದ ಶಿಕ್ಷೆ ಎಂದುಕೊಳ್ಳಬೇಡಿ, ಯಾರಾದರೂ ಹಾಗೆಂದರೆ ನಂಬಲೂ ಬೇಡಿ. ಡಾಕ್ಟರಿಗೆ ತೋರಿಸಿ. ಹೊರಗೆ ಹೋಗಲು ಸಂಕೋಚವಾದರೆ ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಣ ಕೊಡಬೇಕಾಗಿಲ್ಲ, ಮಾತನಾಡುವ ಭಾಷೆಯನ್ನು ಆರಿಸಿಕೊಳ್ಳಬಹುದು, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ.